ಎಂಜಿನ್ ಗಟ್ಟಿ, ತಲೆನೋವೆಲ್ಲ ಹಿಂದಿನ ಟೈರಿಂದು, ಬೀಗದ್ದು: 2019ರ 125 ಸಿಸಿ ಬೈಕ್ ಇಲ್ಲಿಯವರೆಗೆ

ಗಾಡಿ 125 ಸಿಸಿ, 2019ರ ಕೊನೆಯಲ್ಲಿ ತಗೊಂಡಿದ್ದು. ಹೊಗೆ ನಿಯಮದ ಲೆಕ್ಕದಲ್ಲಿ ಬಿಎಸ್4, ಕಾರ್ಬೊರೇಟರ್, ಎರಡೂ ಕಡೆ ಡ್ರಮ್ ಬ್ರೇಕ್, ಅಲಾಯ್ ವೀಲ್, ಟ್ಯೂಬ್‌ಲೆಸ್ ಟೈರ್. 60 ಸಾವಿರ ಕಿಲೋಮೀಟರ್ ದಾಟಿದೆ. ಮನೆ ಬೆಂಗಳೂರಿನ ಲಗ್ಗೆರೆ, ಕೆಲಸ ಪೀಣ್ಯದಲ್ಲಿ, ರಜೆ ಸಿಕ್ಕಾಗ ತುಮಕೂರು ರಸ್ತೆ ಹಿಡಿದು ತಿಪಟೂರಿನ ಕಡೆ ಊರಿಗೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಈ ದರ್ಜೆಯ ಬೈಕ್ ಯಾವುದೇ ಆಗಲಿ, ಸರಿಯಾಗಿ ಆಯಿಲ್ ಬದಲಾಯಿಸಿದರೆ ಎಂಜಿನ್ ಸುಮ್ಮನೆ ಓಡುತ್ತಿರುತ್ತದೆ. ಮೈಲೇಜ್ ಎಷ್ಟು, ಪಿಕಪ್ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಹಿಂದಿನ ಟೈರ್ ಎಂಥದ್ದು, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಇನ್ಶೂರೆನ್ಸಿನಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಇಷ್ಟು ವರ್ಷದಲ್ಲಿ ನನ್ನ ದುಡ್ಡು, ರಜೆ, ನಿದ್ದೆ ಹೋಗಿರೋದು ಮಾತ್ರ ಆ ಮೂರಕ್ಕೇ.

ಪಂಕ್ಚರಿನಿಂದಲೇ ಶುರು ಮಾಡುತ್ತೇನೆ. ಪೀಣ್ಯದಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ, ಅಲ್ಲಿ ಗಲ್ಲಿಗೊಂದು ವರ್ಕ್‌ಶಾಪ್. ಲೇತ್ ಮೆಷಿನ್ನಿಂದ ಬರುವ ಕಬ್ಬಿಣದ ಸುರುಳಿ ಚೂರು, ಸ್ಕ್ರೂ, ತಂತಿ ತುಂಡು ಎಲ್ಲ ಗುಜರಿ ಟೆಂಪೋಗಳಿಂದ ರಸ್ತೆಗೆ ಉದುರುತ್ತಲೇ ಇರುತ್ತದೆ. ಮಳೆ ಬಂದರೆ ಇನ್ನೂ ಜಾಸ್ತಿ. ನೀರು ಎಲ್ಲವನ್ನೂ ರಸ್ತೆ ಅಂಚಿಗೆ ತಂದು ಗುಡ್ಡೆ ಹಾಕುತ್ತದೆ, ನಾವು ಬೈಕಿನವರು ಬಸ್ಸಿಗೆ ಜಾಗ ಬಿಟ್ಟು ಅದೇ ಅಂಚಿನಲ್ಲಿ ಹೋಗುತ್ತೇವೆ, ಒದ್ದೆ ರಬ್ಬರಿಗೆ ಚೂಪಾದದ್ದು ಸಲೀಸಾಗಿ ಇಳಿಯುತ್ತದೆ. ಮುಂದಿನ ಚಕ್ರ ಮಲಗಿದ್ದ ಮೊಳೆಯನ್ನು ಎಬ್ಬಿಸುತ್ತದೆ, ಹಿಂದಿನ ಚಕ್ರಕ್ಕೆ ಅದು ಚುಚ್ಚುತ್ತದೆ. ಅದಕ್ಕೇ ಹೆಚ್ಚಿನ ಪಂಕ್ಚರ್ ಹಿಂದಿನ ಟೈರಿಗೇ ಆಗೋದು. ಬೇಕಂತಲೇ ಮೊಳೆ ಚೆಲ್ಲುವವರೂ ಈ ಊರಲ್ಲಿ ಇದ್ದಾರೆ. ಹತ್ತು ವರ್ಷದ ಹಿಂದೆ ಬೆನೆಡಿಕ್ಟ್ ಜೆಬಕುಮಾರ್ ಅನ್ನುವವರು ಆಫೀಸಿಗೆ ಹೋಗುವ ದಾರಿಯಲ್ಲಿ, ಹೊರವರ್ತುಲ ರಸ್ತೆಯಲ್ಲಿ, ಮ್ಯಾಗ್ನೆಟ್ ಕೋಲು ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅಂಥವರಿಗೆ ಕೈ ಮುಗಿಯಬೇಕು.

ಟ್ಯೂಬ್‌ಲೆಸ್ ಇರೋದರಿಂದ ನಾನು ಎಷ್ಟೋ ಸಲ ಬಚಾವಾಗಿದ್ದೇನೆ. ಟ್ಯೂಬ್ ಇರುವ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಒಂದೇ ಸಲಕ್ಕೆ ಹೋಗುತ್ತದೆ, ಗಾಡಿ ಹಿಂದೆ ತೂರಾಡುತ್ತದೆ, ಹಾಗೇ ನಾಲ್ಕು ಮಾರು ಓಡಿಸಿದರೂ ವಾಲ್ವ್ ಕಿತ್ತು ಟ್ಯೂಬ್ ಹರಿಯುತ್ತದೆ. ಆಮೇಲೆ ಪ್ಯಾಚ್ ಹಾಕೋಕೂ ಆಗಲ್ಲ, ಹೊಸ ಟ್ಯೂಬೇ ಗತಿ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ತಾನೇ ಬಿರಡೆಯಾಗಿ ಕೂತಿರುತ್ತದೆ. ಗಾಳಿ ನಿಧಾನಕ್ಕೆ ಇಳಿಯುತ್ತದೆ. ಅದಕ್ಕೇ ಮೊಳೆ ಕಂಡ ತಕ್ಷಣ ಕೀಳಬೇಡಿ. ಗಾಳಿ ಹೊಡೆಸಿಕೊಂಡು ಮೆಲ್ಲಗೆ ಅಂಗಡಿವರೆಗೆ ಹೋಗಿ, ಅಲ್ಲಿ ಕೀಳಿಸಿ. ಹಾಗಂತ ಪೂರ್ತಿ ಗಾಳಿ ಹೋದ ಮೇಲೂ ಓಡಿಸಿದರೆ ಟೈರಿನ ಪಕ್ಕದ ಗೋಡೆ ರಿಮ್ಮಿಗೆ ಸಿಕ್ಕಿ ಒಳಗಿಂದ ಕತ್ತರಿಸಿ ಹೋಗುತ್ತದೆ, ಆ ಟೈರ್ ಎಸೆಯಬೇಕು. ಸ್ಪೋಕ್ ವೀಲ್ ತಗೊಳ್ಳೋಣ, ಬೆಲೆ ಕಡಿಮೆ ಅನ್ನುವವರಿಗೆ ಒಂದು ಮಾತು. ಸ್ಪೋಕ್ ತೂತುಗಳಿಂದ ಗಾಳಿ ಸೋರುವುದರಿಂದ ನಮ್ಮ ಸಾಮಾನ್ಯ ಸ್ಪೋಕ್ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು. ನಗರದಲ್ಲಿ ದಿನಾ ಓಡಿಸುವವರು ಇನ್ನೊಂದಿಷ್ಟು ಕೊಟ್ಟು ಅಲಾಯ್ ತಗೊಳ್ಳಿ.

ಪಂಕ್ಚರ್ ಅಂಗಡಿಯಲ್ಲಿ ಕಣ್ಣು ಟೈರಿನ ಮೇಲೇ ಇರಲಿ. ಒಮ್ಮೆ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ನಾನು ನೀರು ಕುಡಿದು ಬರುವಷ್ಟರಲ್ಲಿ ಒಂದು ಮೊಳೆಯ ಜಾಗದಲ್ಲಿ ಐದು ತೂತು ಆಗಿತ್ತು! ಪ್ರತಿ ತೂತಿಗೂ ಸ್ಟ್ರಿಪ್ (ತೂತು ಮುಚ್ಚುವ ರಬ್ಬರ್ ಪಟ್ಟಿ) ಲೆಕ್ಕ. ಜಗಳ ಆಡಿ ಪ್ರಯೋಜನ ಆಗಲಿಲ್ಲ, ಕೊಟ್ಟು ಬಂದೆ. ಆವತ್ತಿನಿಂದ ಸೋಪಿನ ನೀರು ಹಾಕಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನಾನೇ ನಿಂತು ನೋಡುತ್ತೇನೆ, ಗುಳ್ಳೆ ಬಂದ ಜಾಗಕ್ಕೆ ಮಾತ್ರ ಸ್ಟ್ರಿಪ್ ಹಾಕಿಸುತ್ತೇನೆ. ಲಗ್ಗೆರೆಯ ನಮ್ಮ ಮಾಮೂಲಿ ಅಂಗಡಿಯವರು ಚಿನ್ನದಂಥ ಮನುಷ್ಯ. ಕೆಲವು ಸಲ ಬರೀ ವಾಲ್ವಿನ ಪಿನ್ ಸಡಿಲ ಆಗಿರುತ್ತದೆ, ಬಿಗಿ ಮಾಡಿ ದುಡ್ಡೇ ಬೇಡ ಅನ್ನುತ್ತಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಈಗ ಸೀಟಿನ ಕೆಳಗೆ ಒಂದು ಸಣ್ಣ ಕಿಟ್ ಇಟ್ಟಿದ್ದೇನೆ: ತೂತು ಉಜ್ಜುವ ಸೂಜಿ, ಸ್ಟ್ರಿಪ್ ತೂರಿಸುವ ಸೂಜಿ, ಐದಾರು ಸ್ಟ್ರಿಪ್, ರಬ್ಬರ್ ಸಲ್ಯೂಷನ್. ಕಾಲಲ್ಲಿ ಒತ್ತುವ ಪಂಪು ಊರಿಗೆ ಹೋಗುವಾಗ ಬ್ಯಾಗಿನಲ್ಲಿ. ಕೈ ಪಳಗಿದರೆ ಕಾಲು ಗಂಟೆಯ ಕೆಲಸ. ಗುಬ್ಬಿ ಆಚೆ ರಾತ್ರಿ ಹೊತ್ತು ಗಾಡಿ ತಳ್ಳಿದವರಿಗೆ ಇದರ ಬೆಲೆ ಗೊತ್ತು. ಪಕ್ಕದ ಗೋಡೆಗೆ ಆದ ತೂತಿಗೆ ಮಾತ್ರ ಸ್ಟ್ರಿಪ್ ಹಾಕಲೇಬೇಡಿ, ಅದು ನಿಲ್ಲಲ್ಲ. ಟೈರೇ ಬದಲಾಯಿಸಬೇಕು.

ಹಿಂದಿನ ಟೈರ್ ಎರಡು ಸಲ ಬದಲಾಯಿಸಿದ್ದೇನೆ. ಬೆಲೆ 2000 ರೂಪಾಯಿ ಆಸುಪಾಸು. ಹೊಸದು ಹಾಕಿಸುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರನ್ನು ಹೊಸದು ಅಂತ ಕೊಡೋಕೆ ಬಂದರು, ಅಂಕಿ ತೋರಿಸಿದ ಮೇಲೆ ಒಳಗಿಂದ ಬೇರೆ ತಂದರು. ಟೈರಿನ ಜೊತೆ ರಬ್ಬರ್ ವಾಲ್ವ್ ಕೂಡ ಬದಲಾಯಿಸಿ, ಅದಕ್ಕೆ ತೀರಾ ಕಮ್ಮಿ ಖರ್ಚು. ಹಳೇ ವಾಲ್ವ್ ಬಿರುಕು ಬಿಟ್ಟು ಸೋರಿದರೆ ಪಂಕ್ಚರ್ ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಗಾಳಿ ಎಷ್ಟಿರಬೇಕು ಅಂತ ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಹಿಂದೆ ಕೂರುವವರಿದ್ದರೆ ಹಿಂದಿನ ಟೈರಿಗೆ ಜಾಸ್ತಿ ಬೇಕು. ಕಡಿಮೆ ಗಾಳಿಯಲ್ಲಿ ಗುಂಡಿಗೆ ಇಳಿಸಿದರೆ ಅಲಾಯ್ ರಿಮ್ಮಿನ ಅಂಚು ಬಾಗುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ.

ಇನ್ನು ಕಳ್ಳತನ. 2022ರಲ್ಲಿ ಮನೆ ಮುಂದೆ ನಿಲ್ಲಿಸಿದ್ದ ಗಾಡಿ ಹೋಯಿತು. ಹ್ಯಾಂಡಲ್ ಲಾಕ್ ಹಾಕಿತ್ತು. ಆದರೆ ಆ ಲಾಕ್ ಅಂದರೆ ಒಳಗೆ ಒಂದು ಸಣ್ಣ ಕಬ್ಬಿಣದ ಕಡ್ಡಿ ಅಷ್ಟೇ, ಹ್ಯಾಂಡಲ್ ಮೇಲೆ ಕಾಲಿಟ್ಟು ಜೋರಾಗಿ ಒದ್ದರೆ ಮುರಿಯುತ್ತದೆ. ಆಮೇಲೆ ಇಗ್ನಿಷನ್ ವೈರ್ ಡೈರೆಕ್ಟ್ ಮಾಡಿಕೊಂಡು ಹೋಗುತ್ತಾರೆ. ತಕ್ಷಣ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ದೂರು ಕೊಟ್ಟೆ. ಎರಡು ದಿನ ಹುಡುಕಿ, ಆಮೇಲೆ ಬನ್ನಿ ಅಂದರು. ಒಪ್ಪಲಿಲ್ಲ. ಎಫ್ಐಆರ್ ತಡ ಆದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕದ್ದವನು ಅದರಲ್ಲಿ ಸರ ಕಿತ್ತರೂ ಯಾರಿಗಾದರೂ ಗುದ್ದಿದರೂ ಮೊದಲು ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಕೊನೆಗೆ ಎಫ್ಐಆರ್ ಆಯಿತು. ಅದರ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಇಸ್ಕೊಳ್ಳಿ. ಗಾಡಿ ನಂಬರಿಗೆ ಹೊಸ ದಂಡ ಬಿದ್ದಿದೆಯಾ ಅಂತಲೂ ದಿನಾ ನೋಡುತ್ತಿರಿ, ಕದ್ದವನು ಪ್ಲೇಟ್ ಬದಲಾಯಿಸದೆ ಹೆಲ್ಮೆಟ್ ಇಲ್ಲದೆ ಓಡಾಡಿದರೆ ಕ್ಯಾಮೆರಾದಲ್ಲಿ ಜಾಗ, ಸಮಯ ಎರಡೂ ಸಿಗುತ್ತದೆ.

ನನ್ನ ಅದೃಷ್ಟಕ್ಕೆ ಕೆಲವು ವಾರದ ಮೇಲೆ ಬೇರೆ ಠಾಣೆಯವರಿಗೆ ಗಾಡಿ ಸಿಕ್ಕಿತು. ಸಿಕ್ಕಿದೆ ಅಂದ ಕೂಡಲೇ ಹೋಗಿ ಓಡಿಸಿಕೊಂಡು ಬರೋಕಾಗಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಆರ್‌ಸಿ, ಇನ್ಶೂರೆನ್ಸ್ ತೋರಿಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಅಷ್ಟೂ ದಿನ ಗಾಡಿ ಠಾಣೆ ಅಂಗಳದಲ್ಲಿ ಬಿಸಿಲು ಮಳೆಗೆ. ಲಾಕ್ ಸೆಟ್, ವೈರಿಂಗ್, ಬ್ಯಾಟರಿ, ನಂಬರ್ ಪ್ಲೇಟ್ ಎಲ್ಲ ಹೊಸದಾಗಿ ಹಾಕಿಸಬೇಕಾಯಿತು.

ಇನ್ಶೂರೆನ್ಸ್ ವಿಷಯ ದಯವಿಟ್ಟು ಗಮನ ಇಟ್ಟು ಓದಿ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಇನ್ಶೂರೆನ್ಸ್, ಕಡ್ಡಾಯ. ಶೋರೂಮಿನಲ್ಲಿ ಐದು ವರ್ಷ ಇನ್ಶೂರೆನ್ಸ್ ಇದೆ ಸಾರ್ ಅನ್ನುತ್ತಾರೆ, ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಸಾಮಾನ್ಯವಾಗಿ ನಮ್ಮ ಗಾಡಿಯ ಹಾನಿ, ಕಳ್ಳತನಕ್ಕೆ ಇರುವ ಭಾಗ ಮೊದಲ ವರ್ಷಕ್ಕೆ ಮಾತ್ರ. ಅದನ್ನು ವರ್ಷ ವರ್ಷ ಬೇರೆಯಾಗಿ ಕಟ್ಟಬೇಕು. ನಮ್ಮ ಫ್ಯಾಕ್ಟರಿಯ ಒಬ್ಬ ಹುಡುಗನ ಗಾಡಿ ಮೂರನೇ ವರ್ಷದಲ್ಲಿ ಕಳುವಾಯಿತು. ಸಾಲದ ಕಂತು ಇನ್ನೂ ಇತ್ತು, ಕೈಯಲ್ಲಿ ಪಾಲಿಸಿ ಕಾಗದವೂ ಇತ್ತು, ಒಂದು ಪೈಸೆ ಬರಲಿಲ್ಲ. ಗಾಡಿ ಇಲ್ಲದೆ ಕಂತು ಕಟ್ಟಿದ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಕೊಡುವಾಗಲೇ ಒಂದು ಮಾತು ಬಿಡಿಸಿ ಹೇಳಿದ್ದರೆ ಆಗುತ್ತಿರಲಿಲ್ಲವಾ?

ಆ ಭಾಗ ಕಟ್ಟಿದ್ದರೂ ಸಿಗೋದು ಕೊಂಡ ಬೆಲೆ ಅಲ್ಲ, ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ಗಾಡಿಗೆ ಇನ್ಶೂರೆನ್ಸಿನವರು ಕಟ್ಟಿದ ಬೆಲೆ. ಎರಡು ವರ್ಷ ದಾಟಿದ ಗಾಡಿಗೆ 30%, ಮೂರು ದಾಟಿದರೆ 40%, ನಾಲ್ಕು ದಾಟಿದರೆ 50% ಕಳೆದು ಲೆಕ್ಕ ಹಾಕುತ್ತಾರೆ. ಗಾಡಿ ಸಿಗದಿದ್ದರೆ ಗಾಡಿ ಪತ್ತೆಯಾಗಲಿಲ್ಲ ಅನ್ನುವ ಪೊಲೀಸರ ಸಿ ರಿಪೋರ್ಟ್ ಬೇಕು, ಆರ್‌ಸಿ ಬೇಕು, ಎರಡೂ ಒರಿಜಿನಲ್ ಕೀ ಬೇಕು. ಪ್ರತಿ ವರ್ಷ ಕಟ್ಟಿದ್ದರಿಂದ ನನ್ನ ರಿಪೇರಿಯ ಬಹುಪಾಲು ಖರ್ಚು ಬಂತು.

ಈಗ ದಪ್ಪ ಚೈನ್ ಲಾಕ್ ಹಾಕುತ್ತೇನೆ. ನನ್ನದರಲ್ಲಿ ಡಿಸ್ಕ್ ಇಲ್ಲ, ಹಾಗಾಗಿ ಡಿಸ್ಕ್ ಲಾಕ್ ಆಗಲ್ಲ. ಚೈನನ್ನು ಹಿಂದಿನ ಚಕ್ರದೊಳಗಿಂದ ತೂರಿಸಿ ಗೇಟಿನ ಕಂಬಕ್ಕೆ ಕಟ್ಟಬೇಕು, ಬೀಗ ನೆಲಕ್ಕೆ ತಾಗದ ಹಾಗೆ. ನೆಲದ ಮೇಲಿದ್ದರೆ ಸುತ್ತಿಗೆ ಏಟಿಗೆ ಒಡೆಯೋದು ಸುಲಭ. ಜಿಪಿಎಸ್ ಕೂಡ ಹಾಕಿಸಿ ನೋಡಿದೆ, ಗಾಡಿ ಕೆಲವು ದಿನ ನಿಂತರೆ ಬ್ಯಾಟರಿ ಇಳಿಸುತ್ತಿತ್ತು, ತೆಗೆಸಿದೆ. ದಿನಾ ಓಡಿಸುವವರಿಗೆ ಪರವಾಗಿಲ್ಲ. ಕಾರ್ಬೊರೇಟರ್ ಗಾಡಿಗಳಿಗೆ ಪೆಟ್ರೋಲ್ ಕಳ್ಳರ ಕಾಟವೂ ಇದೆ, ಪೈಪ್ ಎಳೆದು ಬಾಟಲಿಗೆ ಹಿಡಿದರೆ ಮುಗಿಯಿತು. ಇಂಜೆಕ್ಷನ್ ಗಾಡಿಯಲ್ಲಿ ಪಂಪು ಟ್ಯಾಂಕಿನೊಳಗೇ ಇರೋದರಿಂದ ಅಷ್ಟು ಸುಲಭ ಅಲ್ಲ.

ಉಳಿದದ್ದು ಮಾಮೂಲು. 3000 ಕಿಲೋಮೀಟರಿಗೊಮ್ಮೆ ಆಯಿಲ್, ಮಳೆಗಾಲದಲ್ಲಿ ಚೈನಿಗೆ ಪದೇ ಪದೇ ಲ್ಯೂಬ್, ಎರಡು ಸಲ ಚೈನ್ ಸೆಟ್, ಒಂದು ಸಲ ಕ್ಲಚ್ ಕೇಬಲ್. 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಸ್ವಲ್ಪ ಇಳಿದಿದೆ, ಎಥನಾಲ್‌ನಲ್ಲಿ ಶಕ್ತಿ ಕಡಿಮೆ. ಅದು ನೀರು ಹೀರುವುದರಿಂದ ಮಳೆಯಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿಯಿದೆಯಾ ನೋಡಿಕೊಳ್ಳಿ.

ಗಾಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಆ ಹ್ಯಾಂಡಲ್ ಲಾಕಿಗೆ. ಮಾರುವ ಯೋಚನೆ ಇಲ್ಲ, ನೋಂದಣಿ 2034ರವರೆಗೆ ಇದೆ. ಇದೇ ಥರದ್ದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ, ಹಳೇ ಸಾಲ ಆರ್‌ಸಿಯಿಂದ ತೆಗೆಸಿದ್ದಾರಾ ಕೇಳಿ, ಹಿಂದಿನ ಟೈರಿನ ನಾಲ್ಕು ಅಂಕಿ ಓದಿ, ಎರಡೂ ಕೀ ಕೈಗೆ ಬಂದ ಮೇಲೆ ದುಡ್ಡು ಕೊಡಿ.