ಬೆನ್ನುನೋವಿಗೆ ಕರೆಂಟ್ ಯಂತ್ರ ಮಾರೋರು ಬಂದಿದ್ದಾರಾ? ಮೊದಲು ಬಿಲ್ ಕೇಳಿ

'ಉಚಿತ ಸೊಂಟನೋವು ಶಿಬಿರ' ಅಂತ ಬ್ಯಾನರ್ ಕಟ್ಟಿಕೊಂಡು ನಿಮ್ಮೂರಿನ ಸಮುದಾಯ ಭವನಕ್ಕೂ ಇವರು ಬರಬಹುದು. ದಯವಿಟ್ಟು ದುಡ್ಡು ಕೊಡಬೇಡಿ. ನಮ್ಮ ಮನೆಯಿಂದ 18,000 ರೂಪಾಯಿ ಹೋಯಿತು. ಹೇಳಿಕೊಳ್ಳೋಕೇ ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ಅಮ್ಮನ ಸೊಂಟಕ್ಕೆ ನಾಲ್ಕು ಪ್ಯಾಡ್ ಅಂಟಿಸಿ ಕರೆಂಟ್ ಬಿಟ್ಟರು. ಜುಮ್ ಜುಮ್ ಅಂತು. ಎದ್ದಾಗ ನೋವು ಕಮ್ಮಿ. "ಜಪಾನ್ ಟೆಕ್ನಾಲಜಿ ಅಮ್ಮಾ, ಹಿಡಿದುಕೊಂಡಿರೋ ನರ ಬಿಡಿಸುತ್ತೆ, ಆಪರೇಷನ್ನೇ ಬೇಡ. ಈ ರೇಟು ಇವತ್ತು ಮಾತ್ರ!"

ಮನೆಯಲ್ಲಿ ಹಚ್ಚಿಕೊಂಡಷ್ಟು ಹೊತ್ತು ಹಾಯ್ ಅನಿಸುತ್ತೆ. ತೆಗೆದ ಸ್ವಲ್ಪ ಹೊತ್ತಿಗೆ ನೋವು ವಾಪಸ್. ಫೋನ್ ಮಾಡಿದರೆ, "ನರ ಓಪನ್ ಆಗ್ತಿದೆ ಸರ್, ಅದಕ್ಕೇ ನೋವು." ಇನ್ನೊಂದು ಸಲ ಮಾಡಿದರೆ, "ಅಮ್ಮ ಆಲೂಗಡ್ಡೆ ತಿಂತಾರಾ?" ಆಲೂಗಡ್ಡೆಯಂತೆ!

ಪ್ಯಾಡಿನ ಅಂಟು ಹೋಯಿತು ಅಂತ ಸರ್ಜಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ಯಂತ್ರ ತಿರುಗಿಸಿ, ಹಿಂದಿದ್ದ ಬಂಗಾರದ ಬಣ್ಣದ ಸ್ಟಿಕ್ಕರನ್ನ ಉಗುರಲ್ಲಿ ಕೆರೆದರು. ಕೆಳಗೆ ಬೇರೆ ಕಂಪನಿ ಹೆಸರು, ಪಕ್ಕದಲ್ಲಿ 'ಟೆನ್ಸ್' ಅಂತ. ಅಂದರೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಬಿಟ್ಟು ನೋವು ತಗ್ಗಿಸೋ ಮಾಮೂಲಿ ಯಂತ್ರ. ಅದೇ ಪೀಸು ಅವರ ಕಪಾಟಿನಲ್ಲೂ ಇತ್ತು. ಅದೇ ಎರಡು ತಿರುಗುಣಿ, ಅದೇ 9 ವೋಲ್ಟ್ ಬ್ಯಾಟರಿ. 1,900 ರೂಪಾಯಿ. ಪಾಪ, ನಗು ಬರದ ಹಾಗೆ ತಡೆದುಕೊಂಡರು. ಅದೇ ಹೆಚ್ಚು ಉರಿಯಿತು.

ಆಮೇಲೆ ಫಿಸಿಯೊಥೆರಪಿಸ್ಟ್ (ಫಿಸಿಯೊ) ಒಬ್ಬರನ್ನ ಕೇಳಿದೆ. ಅವರು ಹೇಳಿದ್ದು ಇಷ್ಟು. ಆ ಜುಮ್ಮು ನೋವಿನ ಸುದ್ದಿಯನ್ನ ಬೆನ್ನುಹುರಿಯಲ್ಲೇ ಸ್ವಲ್ಪ ಹೊತ್ತು ತಡೆಯುತ್ತೆ, ಅದೂ ಎಲ್ಲರಿಗೂ ಅಲ್ಲ. ನರ ಬಿಡಿಸಲ್ಲ, ಡಿಸ್ಕ್ ಕೂರಿಸಲ್ಲ. ತುಂಬಾ ದಿನದ ಸೊಂಟನೋವಿಗೆ ಇದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆಯಂತೆ. ಶಿಬಿರದಲ್ಲಿ ಇದನ್ನ ಯಾರು ಹೇಳ್ತಾರೆ?

ದುಡ್ಡು ವಾಪಸ್ ಕೇಳಿದೆ. "ಬಿಲ್ ಇದೆಯಾ ಸರ್?" ಕೊಟ್ಟಿದ್ದರೆ ತಾನೇ ಇರೋದು! ಕೊಟ್ಟಿದ್ದು ದೇಣಿಗೆ ರಸೀದಿ. ದೇಣಿಗೆ! ಈಗ ನನ್ನ ನಂಬರೇ ಬ್ಲಾಕ್.

ಇನ್ನೊಂದು ವಿಷಯ, ಇದು ದುಡ್ಡಿಗಿಂತ ದೊಡ್ಡದು. ಶಿಬಿರದಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅಜ್ಜನಿಗೆ ಪೇಸ್‌ಮೇಕರ್ ಇತ್ತು. ಯಾರೂ ಕೇಳಲೇ ಇಲ್ಲ, ಮಗಳು ಓಡಿಬಂದು ಪ್ಯಾಡ್ ಹಚ್ಚೋದನ್ನ ತಡೆದರು. ಪೇಸ್‌ಮೇಕರ್ ಇರೋರು ಡಾಕ್ಟರನ್ನ ಕೇಳದೆ ಇದನ್ನ ಮುಟ್ಟಲೇಬಾರದು. ಬಸುರಿಯರೂ ಅಷ್ಟೇ, ಮೂರ್ಛೆ ರೋಗ ಇರೋರೂ ಅಷ್ಟೇ.

ಬೇಕೇ ಬೇಕು ಅಂದರೆ ಫಿಸಿಯೊ ಹತ್ತಿರ ಒಮ್ಮೆ ಹಾಕಿಸಿ ನೋಡಿ, ಆಮೇಲೆ ಅಂಗಡಿಯಲ್ಲಿ ಬಿಲ್ ಹಾಕಿಸಿ ತಗೊಳ್ಳಿ. ಈಗಾಗಲೇ ಕೊಟ್ಟಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನೂ ಮಾಡಿದ್ದೇನೆ, ಅದೇ ದೇಣಿಗೆ ರಸೀದಿ ಹಿಡಿದುಕೊಂಡು.