ನೀಲಿ ಡೇಲಿಲಿ ಫೋಟೋ ನೋಡಿ ದುಡ್ಡು ಹಾಕಬೇಡಿ

ಯಾರಾದರೂ ಡೇಲಿಲಿ ಅನ್ನುವ ಹೂಗಿಡದ ಗಡ್ಡೆ ಮಾರುತ್ತೇವೆ ಅಂದರೆ ತಗೊಳ್ಳಬೇಡಿ. ಡೇಲಿಲಿಗೆ ಗಡ್ಡೆಯೇ ಇರುವುದಿಲ್ಲ. ಇಷ್ಟು ತಿಳಿಯಲು ನಾನು 599 ರೂಪಾಯಿ ಕೊಟ್ಟೆ.

ನಮ್ಮದು ರಾಯಚೂರು. ಎರಡು ವರ್ಷದ ಹಿಂದೆ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಹತ್ತು ಗಡ್ಡೆ, ಐದು ಬಣ್ಣ, ಅದರಲ್ಲಿ ಒಂದು ಕಡು ನೀಲಿ. ನೀಲಿ ನೋಡಿಯೇ ಮರುಳಾದೆ. ಡೇಲಿಲಿಯಲ್ಲಿ ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ನೇರಳೆ ಎಲ್ಲ ಇವೆ, ಅಪ್ಪಟ ನೀಲಿ ಮಾತ್ರ ಇಲ್ಲ. ಆ ಬಣ್ಣ ಕಂಪ್ಯೂಟರಿನಲ್ಲಿ ಬಳಿದದ್ದು.

ಡಬ್ಬಿ ಬಿಚ್ಚಿದರೆ ಸಣ್ಣ ಉಳ್ಳಾಗಡ್ಡಿಯಂಥ ಹತ್ತು ಗಡ್ಡೆ. "ಪಲ್ಯಕ್ಕ ತರಿಸಿಯೇನು?" ಅಂದರು ಅತ್ತೆ. ಜೂನಿನ ಮೊದಲ ಮಳೆಗೆ ಹತ್ತೂ ಗುಲಾಬಿ ಬಣ್ಣದ ಹೂ ಬಿಟ್ಟವು. ಮಳೆ ಲಿಲಿ! ಕೇಳಿದರೆ ಅಕ್ಕಪಕ್ಕದವರು ಸುಮ್ನೆ ಕಿತ್ತು ಕೊಡುವ ಗಿಡ. ಮಾರಿದವರು "ವಾಪಸ್ ಮಾಡುವ ಗಡುವು ಮುಗಿದಿದೆ" ಅಂದರು. ಹೂ ಬಿಡುವ ತನಕ ಮೋಸ ಗೊತ್ತಾಗುವುದು ಹೇಗೆ, ಅಲ್ವಾ?

ನಿಜವಾದ ಡೇಲಿಲಿಯ ಎಲೆ ಬೀಸಣಿಗೆಯ ಹಾಗೆ ಹರಡಿರುತ್ತದೆ. ಕೆಳಗೆ ದಪ್ಪ ಬೇರುಗಳ ಗೊಂಚಲು ಇರುತ್ತದೆ. ಬೀಜದ ಪೊಟ್ಟಣವೂ ಬೇಡ, ಬೀಜದಿಂದ ಹುಟ್ಟಿದ ಗಿಡ ತಾಯಿಯಂಥದೇ ಹೂ ಬಿಡುವುದಿಲ್ಲ.

ಎರಡನೇ ಸಲ ತಪ್ಪು ನನ್ನದೇ. ಮರುವರ್ಷ ಏಪ್ರಿಲ್‌ನಲ್ಲಿ ನರ್ಸರಿಯಿಂದ ನಾಲ್ಕು ಒಳ್ಳೆ ಗಿಡ ತಂದೆ. ಎರೆಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತೆ. ಬಿಸಿಲು ಜಾಸ್ತಿ ಅಂತ ಬೆಳಿಗ್ಗೆ ಸಂಜೆ ನೀರು ಹಾಕಿದೆ. ವಾರದಲ್ಲಿ ಎಲೆ ಹಳದಿಯಾಯಿತು. ಬಾಯಾರಿದೆ ಅಂದುಕೊಂಡು ಮಧ್ಯಾಹ್ನವೂ ಒಂದು ಕೊಡ ಸುರಿದೆ. ಒಂದು ದಿನ ನಡುವಿನ ಎಲೆ ಹಿಡಿದರೆ ಕೈಗೇ ಬಂತು. ಬುಡ ಲೊಳಲೊಳ, ಕೊಳೆತ ವಾಸನೆ. ನಮ್ಮ ಎರೆಮಣ್ಣು ಮೇಲೆ ಒಣಗಿ ಬಿರಿದಿರುತ್ತದೆ, ಒಳಗೆ ನೀರು ಹಿಡಿದಿರುತ್ತದೆ. ಕಾವು, ಕೆಸರು ಎರಡೂ ಸೇರಿದರೆ ಡೇಲಿಲಿ ಬುಡದಿಂದಲೇ ಕೊಳೆಯುತ್ತದೆ. ನಾಲ್ಕೂ ಹೋದವು. ಬೆರಳು ಹಾಕಿ ಮಣ್ಣು ನೋಡುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಈಗ ಮಳೆಗಾಲ ಕಳೆದ ಮೇಲೆ ಮತ್ತೆ ನೆಟ್ಟಿದ್ದೇನೆ. ಒಂದಡಿ ಎತ್ತರದ ಪಾತಿ ಕಟ್ಟಿ ಕೆಂಪು ಮಣ್ಣು, ಉಸುಕು, ಹಳೆ ತಿಪ್ಪೆಗೊಬ್ಬರ ತುಂಬಿದೆ. ಎಲೆ ಮತ್ತು ಬೇರು ಕೂಡುವ ಜಾಗ ಒಂದು ಇಂಚಿಗಿಂತ ಆಳ ಹೋಗದಂತೆ ನೋಡಿಕೊಂಡೆ. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಗೋಡೆಯ ನೆರಳು. ತರುವಾಗ ವರ್ಷವಿಡೀ ಹಸಿರಿರುವ ತಳಿಯನ್ನೇ ಕೇಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ತಳಿಗೆ ಬೇಕಾದ ಚಳಿ ನಮ್ಮಲ್ಲೆಲ್ಲಿ? ಒಂದು ಹೂ ಒಂದೇ ದಿನ ಇರುತ್ತದೆ, ಬೇಸರ ಬೇಡ. ಅದೇ ದಂಟಿನಲ್ಲಿ ಮೊಗ್ಗು ಸಾಲಾಗಿರುತ್ತವೆ.

ಇನ್ನೊಂದು ವಿಷಯ ಮಾರುವವರು ಯಾರೂ ಹೇಳಲಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡ ತರಲೇಬೇಡಿ. ಎಲೆ, ಹೂ, ಪರಾಗ ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಕಿಡ್ನಿ ಕೆಡುತ್ತದೆ. ಜೀವವೂ ಹೋಗಬಹುದು. ತಿಂದದ್ದು ಕಂಡರೆ ವಾಂತಿಗೆ ಕಾಯದೆ ತಕ್ಷಣ ಪಶು ವೈದ್ಯರ ಹತ್ತಿರ ಓಡಿ. ನಮ್ಮಲ್ಲಿ ಬೆಕ್ಕಿಲ್ಲ, ಪಕ್ಕದ ಮನೆಯದು ದಿನಾ ಕಾಂಪೌಂಡ್ ಹಾರಿ ಬರುತ್ತದೆ. ಅದಕ್ಕೇ ಪಾತಿಯ ಸುತ್ತ, ಮೇಲೆ ಎಲ್ಲ ಜಾಲರಿ ಹೊಡೆಸಿದ್ದೇನೆ. ಬಂದವರು ಕೋಳಿ ಸಾಕಿದ್ದೀರಾ ಅಂತ ಕೇಳುತ್ತಾರೆ.