ಮೂರು ಮಳೆಗಾಲ ದಾಟಿದ 100 ಎಂಬಿಪಿಎಸ್ ಫೈಬರ್: ಪ್ಲಾನ್ ಏರಿಸಬೇಕೇ, ಕಂಪನಿ ಬದಲಿಸಬೇಕೇ?

ಉಡುಪಿ ಸಂತೆಕಟ್ಟೆ ಬದಿಯ ಕೆಂಪುಕಲ್ಲಿನ ಮಾಳಿಗೆ ಮನೆ. ಕೆಳಗೆ ಚಾವಡಿಯಲ್ಲಿ ಫೈಬರ್ ಪೆಟ್ಟಿಗೆ, ಅಂದರೆ ವೈಫೈ ಕೊಡುವ ಮೋಡೆಮ್. ಮನೆಯಲ್ಲಿ ಐದು ಮಂದಿ, ಒಂದು 4ಕೆ ಟಿವಿ, ಎರಡು ಲ್ಯಾಪ್‌ಟಾಪ್, ಜಾಲಿನ (ಅಂಗಳದ) ಕಡೆಗೆ ಎರಡು ಸಿಸಿ ಕ್ಯಾಮೆರಾ. ಪ್ಲಾನ್ 100 ಎಂಬಿಪಿಎಸ್. ಜಾಹೀರಾತಿನಲ್ಲಿ ತಿಂಗಳಿಗೆ 699 ರೂಪಾಯಿ, 18% ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 824.82. ಬಿಲ್ಲಿನ ಮೇಲೆ ದೊಡ್ಡ ಕಂಪನಿಯ ಹೆಸರು. ಏಣಿ ಹಿಡಿದುಕೊಂಡು ಬರುವವರು ಊರಿನ ಕೇಬಲ್‌ನವರು. ಮೂರು ಮಳೆಗಾಲ ಪೂರ್ತಿ ಬಳಸಿದ ಮೇಲಿನ ತೀರ್ಮಾನ ಇಷ್ಟು: ವೇಗಕ್ಕೆ ಪೂರ್ಣ ಅಂಕ, ಮಳೆಗಾಲದ ರಿಪೇರಿಗೆ ಅರ್ಧ ಅಂಕ. 200 ಎಂಬಿಪಿಎಸ್ ಪ್ಲಾನಿಗೆ ಏರುವುದು ಈ ಮನೆಗೆ ದಂಡದ ಖರ್ಚು. ಕಂಪನಿ ಬದಲಿಸುವ ಮಾತು, ತೊಂದರೆ ವಯರ್ ಬರುವ ಕಂಬದಿಂದ ಆಚೆಗೆ, ಕಂಪನಿಯ ಕಡೆಗಿದೆ ಎಂದು ಖಚಿತವಾದ ಮೇಲೆ.

ಮೊದಲು ವೇಗದ ಲೆಕ್ಕ. ನೆಟ್‌ಫ್ಲಿಕ್ಸ್ 4ಕೆ ಚಿತ್ರಕ್ಕೆ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಒಂದು ವಿಡಿಯೋ ಕಾಲ್‌ಗೆ ಮೂರು-ನಾಲ್ಕು ಸಾಕು. ಟಿವಿಯಲ್ಲಿ 4ಕೆ, ಎರಡು ಮೊಬೈಲಿನಲ್ಲಿ ಎಚ್‌ಡಿ, ಎರಡು ಲ್ಯಾಪ್‌ಟಾಪಿನಲ್ಲಿ ಮೀಟಿಂಗ್, ಎಲ್ಲ ಒಟ್ಟಿಗೆ ನಡೆದರೂ 33 ದಾಟುವುದಿಲ್ಲ. ಇಂಥ ಮನೆಯಲ್ಲಿ ನೆಟ್ ನಿಧಾನ ಎನಿಸಿದರೆ ಪ್ಲಾನ್ ಸಣ್ಣದಾಯಿತು ಎಂದು ಅರ್ಥವಲ್ಲ, ಎಲ್ಲೋ ವೇಗ ಸೋರುತ್ತಿದೆ ಎಂದು ಅರ್ಥ. ದೊಡ್ಡ ಪ್ಲಾನ್ ನಿಜವಾಗಿ ಉಪಯೋಗಕ್ಕೆ ಬರುವುದು ದಿನವೂ ಹತ್ತಾರು ಜಿಬಿ ಇಳಿಸುವವರಿಗೆ, ದೊಡ್ಡ ಗೇಮ್ ಹಾಕುವವರಿಗೆ, ವಿಡಿಯೋ ಎಡಿಟಿಂಗ್ ಮಾಡಿ ಕಡತ ಕಳಿಸುವವರಿಗೆ. ಕಳಿಸುವ ಕೆಲಸ ಹೆಚ್ಚಿದ್ದರೆ ಅಪ್‌ಲೋಡ್ ವೇಗ ಎಷ್ಟು ಎಂದು ಬೇರೆಯಾಗಿಯೇ ಕೇಳಬೇಕು. ಡೌನ್‌ಲೋಡ್‌ನಷ್ಟೇ ಅಪ್‌ಲೋಡ್ ಎಲ್ಲ ಪ್ಲಾನಿನಲ್ಲೂ ಇರುವುದಿಲ್ಲ.

ಸೋರುವುದು ಎಲ್ಲಿ ಎಂದು ತಿಳಿಯಲು ದಿನಕ್ಕೆ ಹದಿನೈದು ನಿಮಿಷದಂತೆ ಮೂರು ದಿನ ಸಾಕು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ವಯರಿನಿಂದ ನೇರ ಫೈಬರ್ ಪೆಟ್ಟಿಗೆಗೆ ಜೋಡಿಸಿ, ಉಳಿದವರ ಮೊಬೈಲುಗಳ ವೈಫೈ ಕೂಡ ಬಂದ್ ಮಾಡಿಸಿ ಸ್ಪೀಡ್ ಟೆಸ್ಟ್ ಹಾಕಿ. ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಮೂರು ದಿನ. ಎರಡೂ ಹೊತ್ತು 90ರ ಮೇಲೆ ಬಂದರೆ ಕಂಪನಿಯದ್ದು ತಪ್ಪಿಲ್ಲ, ಮನೆಯೊಳಗೆ ಹುಡುಕಬೇಕು. ಮಧ್ಯಾಹ್ನ 95 ಬಂದು ರಾತ್ರಿ 30ಕ್ಕೆ ಇಳಿದರೆ ಊರಿನ ಆಪರೇಟರ್ ಮೇಲಿನಿಂದ ತೆಗೆದುಕೊಂಡ ಸಾಮರ್ಥ್ಯ ಸಾಲುತ್ತಿಲ್ಲ. ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಜಿಪಾನ್ ಫೈಬರಿನಲ್ಲಿ ಡೌನ್‌ಲೋಡಿಗೆ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್), ಅಪ್‌ಲೋಡಿಗೆ 1.25, ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 100ರ ಪ್ಲಾನಿನ ಮನೆಗಳಿಗೆ ಅಷ್ಟರಲ್ಲೇ ಇಕ್ಕಟ್ಟಾಗುವುದು ಅಪರೂಪ. ಹಾಗಾಗಿ ರಾತ್ರಿಯ ನಿಧಾನಕ್ಕೆ 200ರ ಪ್ಲಾನ್ ಮದ್ದಲ್ಲ. ಅದೇ ತುಂಬಿದ ಓಣಿಗೆ ಇನ್ನೂ ದೊಡ್ಡ ಗಾಡಿ ಇಳಿಸಿದ ಹಾಗೆ.

ಇಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಎಷ್ಟು ದೊಡ್ಡ ಪ್ಲಾನ್ ಹಾಕಿದರೂ ಟೆಸ್ಟ್‌ನಲ್ಲಿ 94ರ ಹತ್ತಿರವೇ ನಿಂತರೆ ಆ ಸಂಖ್ಯೆಯೇ ಉತ್ತರ ಹೇಳುತ್ತದೆ. ಪೆಟ್ಟಿಗೆಯ ಲ್ಯಾನ್ ಪೋರ್ಟ್ 100ರದ್ದು, ಅಥವಾ ವಯರಿನ ನಾಲ್ಕು ಜೋಡಿ ತಂತಿಯಲ್ಲಿ ಎರಡೇ ಜೋಡಿ ಹಿಡಿದಿದೆ. ಗಿಗಾಬಿಟ್‌ಗೆ (1,000 ಎಂಬಿಪಿಎಸ್‌ಗೆ) ಎಂಟೂ ತಂತಿ ಬೇಕು. ಒಂದು ತಂತಿ ಕಡಿದರೂ ಎರಡು ಬದಿಯ ಯಂತ್ರಗಳು ಎಷ್ಟೋ ಸಲ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಪ್ಲಾನ್ ಏರಿಸುವ ಮೊದಲು ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಮಾದರಿ ನೋಡಿ, ಪೋರ್ಟ್ ಗಿಗಾಬಿಟ್ಟೋ ಅಲ್ಲವೋ ಎಂದು ಕೇಳಿ. ವೈಫೈ 2.4 ಗಿಗಾಹರ್ಟ್ಸ್ ಮಾತ್ರ ಇರುವ ಪೆಟ್ಟಿಗೆಯಾದರೆ ಪಕ್ಕದಲ್ಲೇ ಕುಳಿತರೂ ಸಾಮಾನ್ಯವಾಗಿ ಸಿಗುವುದು 40ರಿಂದ 70. ಕಂಪನಿ ಪೆಟ್ಟಿಗೆ ಬದಲಿಸಿಕೊಡದಿದ್ದರೆ 200ರ ಪ್ಲಾನಿಗೆ ಕೊಟ್ಟ ವೇಗ ಕಾಗದದ ಮೇಲಷ್ಟೇ.

ನಮ್ಮ ಕಡೆಯ ಮನೆಗಳಲ್ಲಿ ವೈಫೈಯ ದೊಡ್ಡ ಶತ್ರು ಗೋಡೆ. ಕೆಂಪುಕಲ್ಲು ದಪ್ಪ, ಒಳಗೆಲ್ಲ ಸಣ್ಣ ಸಣ್ಣ ಗೂಡು, ಮಳೆಗಾಲದಲ್ಲಿ ನೀರು ಹೀರಿಕೊಂಡು ತಿಂಗಳುಗಟ್ಟಲೆ ತಣ್ಣಗೆ ಇರುತ್ತದೆ. 5 ಗಿಗಾಹರ್ಟ್ಸ್ ಅಲೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಈ ಮನೆಯಲ್ಲಿ ಚಾವಡಿಯಲ್ಲಿ 92 ಬರುವಾಗ, ಒಂದು ಗೋಡೆ ದಾಟಿದ ಕೋಣೆಯಲ್ಲಿ 60, ಮಾಳಿಗೆಯ ಹಿಂಬದಿ ಕೋಣೆಯಲ್ಲಿ 8. ಪ್ಲಾನ್ ಏರಿಸಿದ್ದರೂ ಆ 8 ಎಂಟೇ ಆಗಿರುತ್ತಿತ್ತು. 200 ಎಂಬಿಪಿಎಸ್‌ನ 999 ರೂಪಾಯಿಯ ಪ್ಲಾನಿಗೆ ಹೋದರೆ ತೆರಿಗೆ ಸೇರಿ ತಿಂಗಳಿಗೆ 354 ರೂಪಾಯಿ ಹೆಚ್ಚು, ವರ್ಷಕ್ಕೆ 4,248. ಅದರ ಬದಲು 20 ಮೀಟರ್ ಕ್ಯಾಟ್-6 ವಯರನ್ನು ಮೆಟ್ಟಿಲ ಬದಿಯಿಂದ ಮೇಲಕ್ಕೆ ಎಳೆದು, ಸುಮಾರು ಎರಡು ಸಾವಿರ ರೂಪಾಯಿಯ ಗಿಗಾಬಿಟ್ ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವ) ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ವಯರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಕ್ರಮದಲ್ಲಿ) ಇಟ್ಟ ಮೇಲೆ ಅದೇ ಹಿಂಬದಿ ಕೋಣೆಯಲ್ಲಿ 85 ಬರುತ್ತಿದೆ. ಖರ್ಚು ಒಂದೇ ಸಲ. ವಯರ್ ಇಲ್ಲದ ರಿಪೀಟರ್ ಕೊಳ್ಳಬೇಡಿ. ಅದು ಸೋತ ಸಿಗ್ನಲನ್ನೇ ಹಿಡಿದು ಮುಂದೆ ದಾಟಿಸುತ್ತದೆ, ವೇಗ ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ. ಹಲವು ಡಬ್ಬಿಗಳಿಂದ ಒಂದೇ ವೈಫೈ ಹರಡುವ ಮೆಶ್ ಸೆಟ್ ಕೂಡ ಈ ಗೋಡೆಗಳಲ್ಲಿ ವಯರ್ ಕೊಟ್ಟರೆ ಮಾತ್ರ ಅದರ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. 2.4ರ ಚಾನೆಲ್ 1, 6, 11ರಲ್ಲಿ ನೆರೆಯವರು ಕಡಿಮೆ ಬಳಸುವುದನ್ನು ಆರಿಸಿ, ಚಾನೆಲಿನ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. ಪೆಟ್ಟಿಗೆಯನ್ನು ಟಿವಿಯ ಹಿಂದೆ, ಗೋದ್ರೆಜ್ ಕಪಾಟಿನ ಬದಿಯಲ್ಲಿ ಇಡಲೇಬೇಡಿ.

ಇನ್ನು ಮಳೆಗಾಲ. ಕರಾವಳಿಯಲ್ಲಿ ಬ್ರಾಡ್‌ಬ್ಯಾಂಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದು ಜನವರಿಯಲ್ಲಲ್ಲ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ಇಲ್ಲಿ ನೋಡಬೇಕಾದ ಸಂಖ್ಯೆ ಎಂಬಿಪಿಎಸ್ ಅಲ್ಲ, ಬೆಳಕಿನ ಮಟ್ಟ. ಬ್ರೌಸರಿನಲ್ಲಿ 192.168.1.1 ಹೊಡೆದು (ಕೆಲವು ಪೆಟ್ಟಿಗೆಗಳಲ್ಲಿ ಕೊನೆಯ ಸಂಖ್ಯೆಗಳು ಬೇರೆ, ಚೀಟಿಯಲ್ಲಿ ಇರುತ್ತದೆ) ಒಳಗೆ ಹೋದರೆ ಸ್ಟೇಟಸ್ ಪುಟದಲ್ಲಿ ಪಾನ್ ಅಥವಾ ಆಪ್ಟಿಕಲ್ ಎಂಬಲ್ಲಿ ಆರ್‌ಎಕ್ಸ್ ಪವರ್, ಅಂದರೆ ಪೆಟ್ಟಿಗೆಗೆ ತಲುಪುವ ಬೆಳಕಿನ ಬಲ, ಕಾಣಿಸುತ್ತದೆ. ಅದರ ಅಳತೆ ಡಿಬಿಎಂ; ಮೈನಸ್ ನಂತರದ ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ. ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಪೆಟ್ಟಿಗೆ ಕೆಲಸ ಮಾಡುತ್ತದೆ. ಮೈನಸ್ 15ರಿಂದ 22ರ ನಡುವೆ ಇದ್ದರೆ ನೆಮ್ಮದಿ. ಮೈನಸ್ 25 ದಾಟಿದರೆ ಮುಂದಿನ ಜೋರು ಮಳೆಗೆ ಕಾಯುವುದು ಬೇಡ, ಆಗಲೇ ದೂರು ಕೊಡಬೇಕು. ಏಕೆಂದರೆ ಬೆಳಕು ಕುಗ್ಗಿದ ಹಾಗೆ ವೇಗ ಮೆಲ್ಲ ಮೆಲ್ಲ ಇಳಿಯುವುದಿಲ್ಲ; ಮಿತಿಯ ತನಕ ಎಲ್ಲ ಸರಿಯಾಗಿಯೇ ಇದ್ದು, ದಾಟಿದ ಕೂಡಲೇ ಕಡಿದುಹೋಗುತ್ತದೆ. ಸ್ಪೀಡ್ ಟೆಸ್ಟ್ ಇದನ್ನು ಮೊದಲೇ ಹೇಳಲಾರದು.

ಈ ಲೈನಿನಲ್ಲಿ ಬೇಸಿಗೆಯಲ್ಲಿ ಮೈನಸ್ 19.5 ಇದ್ದದ್ದು ಎರಡನೇ ಮಳೆಗಾಲದಲ್ಲಿ ಮೈನಸ್ 25.8ಕ್ಕೆ ಬಂದಿತ್ತು. ಮೂರು ಡಿಬಿ ಕಡಿಮೆಯಾದರೆ ಬೆಳಕು ಅರ್ಧ. ಆರು ಡಿಬಿ ಎಂದರೆ ಕಾಲು ಭಾಗವಷ್ಟೇ ಉಳಿಯಿತು. ಫೈಬರಿನಲ್ಲಿ ಕಿಲೋಮೀಟರಿಗೆ ಸೋರುವುದು 0.35 ಡಿಬಿಯಷ್ಟು, ಆದ್ದರಿಂದ ದೂರ ಕಾರಣವಲ್ಲ. ಕಾರಣ ಕಂಬದ ಪೆಟ್ಟಿಗೆಯಲ್ಲಿತ್ತು. ವಯರನ್ನು ಮೇಲಿನಿಂದ ಇಳಿಸಿ ನೇರ ಒಳಗೆ ತೂರಿಸಿದ್ದರು, ಮಳೆನೀರು ವಯರಿನ ಮೈ ಹಿಡಿದು ಇಳಿದು ಕನೆಕ್ಟರಿನೊಳಗೆ ಸೇರಿತ್ತು. ಸರಿಯಾದ ಕ್ರಮ: ವಯರ್ ಪೆಟ್ಟಿಗೆಗಿಂತ ಕೆಳಕ್ಕೆ ಒಂದು ಗೇಣು ಜೋಲಿ, ಬಳುಕಿ ಮೇಲೆ ಬಂದು ತಳದ ತೂತಿನಿಂದ ಒಳಹೋಗಬೇಕು. ನೀರು ಜೋಲಿಯ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಮನೆಗೋಡೆಯ ತೂತಿಗೂ ಇದೇ ನಿಯಮ. ತೂತು ಹೊರಬದಿಗೆ ಇಳಿಜಾರಾಗಿರಲಿ, ಸಿಲಿಕೋನ್ ತುಂಬಿಸಲಿ.

ರಿಪೇರಿಗೆ ಬಂದವರ ಕೈಯನ್ನು ಹತ್ತಿರ ನಿಂತು ನೋಡುವುದು ಒಳ್ಳೆಯದು. ಕೈಯಲ್ಲೇ ಸಿಕ್ಕಿಸುವ ಫಾಸ್ಟ್ ಕನೆಕ್ಟರ್ ಐದು ನಿಮಿಷದ ಕೆಲಸ, ಆದರೆ ಉಪ್ಪು ಗಾಳಿ, ತೇವದಲ್ಲಿ ಬೇಗ ಕೆಡುವುದು ಅದೇ. ಮೆಶಿನ್‌ನಲ್ಲಿ ಬೆಸೆದು, ಸ್ಲೀವ್ ಹಾಕಿ ಬಿಸಿ ಮಾಡಿದ ಜೋಡಣೆಯಲ್ಲಿ ಸೋರುವುದು 0.1 ಡಿಬಿಗಿಂತ ಕಡಿಮೆ, ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಹಸಿರು ಕನೆಕ್ಟರಿಗೆ ಹಸಿರೇ, ನೀಲಿಗೆ ನೀಲಿಯೇ ಸೇರಬೇಕು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಗೆ ಒತ್ತಿದರೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಹೋಗುತ್ತದೆ. ಬೆರಳಿನಿಂದ ತುದಿ ಮುಟ್ಟಬಾರದು, ಸ್ಪಿರಿಟ್ ಹಚ್ಚಿದ ಒರಸು ಬೇಕು. ಈ ಮನೆಯ ಲೈನ್ ಹೀಗೆ ಬೆಸೆದ ದಿನ ಮೈನಸ್ 18.9 ತೋರಿಸಿತು, ಮೂರನೇ ಮಳೆಗಾಲ ಪೂರ್ತಿ 20 ದಾಟಲಿಲ್ಲ. ರಿಪೇರಿ ಮುಗಿದ ಕೂಡಲೇ ಆ ಪುಟದ ಫೋಟೋ ತೆಗೆದಿಡಿ. ಮುಂದಿನ ವರ್ಷ ದೂರು ಕೊಡುವಾಗ "ನೆಟ್ ಸರಿ ಇಲ್ಲ" ಎನ್ನುವುದಕ್ಕಿಂತ "19 ಇದ್ದದ್ದು 25 ಆಗಿದೆ" ಎಂದರೆ ಬೇಗ ಬರುತ್ತಾರೆ.

ಪೆಟ್ಟಿಗೆಯ ದೀಪವನ್ನೂ ಓದಲು ಕಲಿಯಬೇಕು. ಎಲ್‌ಒಎಸ್ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ: ತೆಂಗಿನ ಮಡಲು ಬಿದ್ದಿದೆ, ಅಳಿಲು ಕಡಿದಿದೆ, ಅಥವಾ ರಸ್ತೆ ಅಗೆದಿದ್ದಾರೆ. ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ಪಾನ್ ದೀಪ ಹಸಿರು ಸ್ಥಿರವಾಗಿದ್ದು ಇಂಟರ್ನೆಟ್ ದೀಪ ಮಾತ್ರ ಕೆಂಪಾದರೆ ಲೈನ್ ಚೆನ್ನಾಗಿದೆ, ಹೆಚ್ಚಾಗಿ ಲಾಗಿನ್ ಅಥವಾ ರೀಚಾರ್ಜ್ ತೊಂದರೆ. ಅದು ಫೋನಿನಲ್ಲೇ ಸರಿಯಾಗುತ್ತದೆ.

ಸಿಡಿಲು ಬೇರೆಯೇ ವಿಷಯ. ಏಪ್ರಿಲ್-ಮೇ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಶುರುವಾದರೆ ಅಡಾಪ್ಟರ್ ಕೀಳುವುದರ ಜೊತೆಗೆ ಲ್ಯಾನ್ ವಯರನ್ನೂ ಕೀಳಬೇಕು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ಕಪ್ಪು ವಯರಿನ ಒಂದು ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು, ಒಳಗೆ ಬರುವುದು ಬರೀ ಫೈಬರ್ ಇರಬೇಕು. ಕೆಲವು ಕಡೆ ಕಂಬದ ತನಕ ಮಾತ್ರ ಫೈಬರ್, ಅಲ್ಲಿಂದ ಮನೆಗೆ ತಾಮ್ರದ ಲ್ಯಾನ್ ವಯರ್ ಎಳೆಯುತ್ತಾರೆ. ಅಂಥ ಸಂಪರ್ಕ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಸಿಡಿಲು ನೇರ ಟಿವಿಯ ತನಕ ಬರುತ್ತದೆ, ಕಂಬದಲ್ಲಿ ನೆಟ್ ಹಂಚುವ ಸ್ವಿಚ್ ಯಂತ್ರಕ್ಕೆ ಕರೆಂಟ್ ಬೇಕಾದ್ದರಿಂದ ಮೆಸ್ಕಾಂ ಲೈನ್ ಹೋದಾಗ ನೆಟ್ ಕೂಡ ಹೋಗುತ್ತದೆ. ಜಿಪಾನ್ ಫೈಬರಿನಲ್ಲಿ ಕಂಬದಲ್ಲಿ ಬೆಳಕು ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ.

ಮನೆಯ ಕರೆಂಟ್ ಹೋದಾಗ ಇನ್ವರ್ಟರ್ ಇದ್ದೂ ಪೆಟ್ಟಿಗೆ ಆಫ್ ಆಗಿ ಎರಡು-ಮೂರು ನಿಮಿಷ ನೆಟ್ ಇಲ್ಲದಿದ್ದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ ಇಕೋದಲ್ಲಿದೆಯೇ ನೋಡಿ. ಯುಪಿಎಸ್ ಕಡೆಗೆ ತಿರುಗಿಸಿದರೆ ಸಾಕು. ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟ್ ಮಿನಿ ಯುಪಿಎಸ್ ಇದೆ. ಪೆಟ್ಟಿಗೆ 8ರಿಂದ 10 ವ್ಯಾಟ್ ಎಳೆಯುತ್ತದೆ, 30 ವ್ಯಾಟ್-ಅವರ್‌ನ ಬ್ಯಾಟರಿ ಎರಡೂವರೆ-ಮೂರು ಗಂಟೆ ಬರುತ್ತದೆ. ಅಡಾಪ್ಟರಿನ ಮೇಲೆ 12 ವೋಲ್ಟ್ 2 ಆಂಪ್ ಎಂದಿದ್ದರೆ 1 ಆಂಪಿನದ್ದು ತರಬೇಡಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ರಾತ್ರಿ ಒಂಬತ್ತಕ್ಕೆ ವೇಗ ಬೀಳುತ್ತಿದ್ದರೆ, ಅಥವಾ ಲೈನ್ ಕಡಿದಾಗ ದಿನಗಟ್ಟಲೆ ಯಾರೂ ಬಾರದಿದ್ದರೆ, ಆಗ ಕಂಪನಿ ಬದಲಿಸಬೇಕು. ಬದಲಿಸುವ ಮುನ್ನ ರಸ್ತೆಗೆ ಇಳಿದು ಕಂಬ ನೋಡಿ. ಹೊಸ ಕಂಪನಿಯ ವಯರ್ ಅದೇ ಕಂಬಗಳ ಮೇಲೆ, ಅದೇ ಹೆದ್ದಾರಿ ಬದಿಯಲ್ಲಿ ಬರುವುದಾದರೆ, ಜೆಸಿಬಿಗೆ ಎರಡೂ ಒಂದೇ. ಎಷ್ಟೋ ಕಡೆ ಎರಡು ಕಂಪನಿಗಳ ರಿಪೇರಿಗೂ ಬರುವವರು ಒಬ್ಬರೇ. ಅದೇ ಓಣಿಯಲ್ಲಿ ಆ ಕಂಪನಿಯದ್ದು ಇರುವ ಎರಡು ಮನೆಗೆ ಹೋಗಿ, ಕಳೆದ ಜುಲೈಯಲ್ಲಿ ಎಷ್ಟು ದಿನ ಇರಲಿಲ್ಲ, ದೂರು ಕೊಟ್ಟ ಎಷ್ಟನೇ ದಿನ ಬಂದರು ಎಂದು ಕೇಳಿ.

ವಯರೇ ಇಲ್ಲದ ಏರ್‌ಫೈಬರ್ 2023ರಿಂದ ಬಂದಿದೆ. ಮಹಡಿಯ ಮೇಲಿನ ಡಬ್ಬಿ 5ಜಿ ಟವರಿನಿಂದ ಸಿಗ್ನಲ್ ಹಿಡಿಯುತ್ತದೆ. ವಯರ್ ಕಡಿಯುವ ಚಿಂತೆ ಇಲ್ಲ ಎಂಬುದು ನಿಜವಾದ ಲಾಭ. ಆದರೆ ಡಬ್ಬಿಗೂ ಟವರಿಗೂ ನಡುವೆ ತೆಂಗು, ಹಲಸು, ಮಾವು ಇದ್ದರೆ ಒದ್ದೆ ಎಲೆಗಳು ಸಿಗ್ನಲ್ ತಿನ್ನುತ್ತವೆ. ಬೇಸಿಗೆಯಲ್ಲಿ ಡೆಮೋ ಕೊಟ್ಟ ವೇಗ ಜುಲೈಯಲ್ಲಿ ಸಿಗುವುದಿಲ್ಲ. ತಿಂಗಳ ಡೇಟಾ ಮಿತಿಯನ್ನೂ ಕೇಳಿ. ಫೈಬರ್ ಪ್ಲಾನುಗಳಲ್ಲಿ 3,300 ಜಿಬಿ ಕಾಣುವಲ್ಲಿ ಇದರಲ್ಲಿ 1,000 ಜಿಬಿ ಇರುವುದುಂಟು. ಫೈಬರ್ ಬರುವ ಓಣಿಯಲ್ಲಿ ಫೈಬರೇ ಮೇಲು.

ಸಹಿ ಹಾಕುವ ಮೊದಲು ಇನ್ನೂ ಕೆಲವು. ಸ್ಥಿರ ದೂರವಾಣಿಯ ನಂಬರು ಮೊಬೈಲಿನ ಹಾಗೆ ಹೊಸ ಕಂಪನಿಗೆ ಜೊತೆಯಲ್ಲಿ ಬರುವುದಿಲ್ಲ; ಹಿರಿಯರ ಮನೆಯ ಹಳೆಯ ನಂಬರು ಬ್ಯಾಂಕಿಗೆ, ನೆಂಟರಿಗೆ ಕೊಟ್ಟಿದ್ದರೆ ಯೋಚಿಸಿ. ಸಿಸಿ ಕ್ಯಾಮೆರಾದ ಡಿವಿಆರ್‌ಗೆ (ರೆಕಾರ್ಡಿಂಗ್ ಪೆಟ್ಟಿಗೆಗೆ) ಹೊರಗಿನಿಂದ ನೇರ ಐಪಿ (ನೆಟ್ ವಿಳಾಸ) ಮೂಲಕ ಹೋಗುತ್ತಿದ್ದರೆ, ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚುವ ಸಂಪರ್ಕದಲ್ಲಿ ಅದು ನಿಲ್ಲುತ್ತದೆ. ಕ್ಯಾಮೆರಾದವರ ಆ್ಯಪ್ ಮೂಲಕವೇ ನೋಡಬೇಕು, ಇಲ್ಲವೇ ಬದಲಾಗದ ಸ್ವಂತ ವಿಳಾಸವಾದ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು. ಇನ್‌ಸ್ಟಲೇಶನ್ ಉಚಿತ ಎಂಬ ಆಸೆಗೆ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. 699ರ ಪ್ಲಾನಿಗೆ ಅದು ತೆರಿಗೆ ಸೇರಿ 9,897 ರೂಪಾಯಿ 84 ಪೈಸೆ, ಮೊದಲ ಮಳೆಗಾಲದಲ್ಲೇ ಸೇವೆ ಕೆಟ್ಟರೆ ಹಿಂದೆ ಪಡೆಯುವುದು ದೊಡ್ಡ ಗೋಳು. ಮೇ ತಿಂಗಳಲ್ಲಿ ಬದಲಿಸುವುದಾದರೆ ಮೂರು ತಿಂಗಳಿಗಷ್ಟೇ ಕಟ್ಟಿ.

ದೂರನ್ನು ಲೈನ್‌ನವರ ವಾಟ್ಸ್‌ಆ್ಯಪ್‌ಗೆ ಮಾತ್ರ ಹಾಕಿದರೆ ಲೆಕ್ಕಕ್ಕೆ ಸಿಗುವುದಿಲ್ಲ. ಅವರಿಗೂ ಹೇಳಿ, ಕಂಪನಿಯ ಕಸ್ಟಮರ್ ಕೇರ್‌ನಲ್ಲೂ ದಾಖಲಿಸಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಳ್ಳಿ. ಆ ನಂಬರಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ಅದನ್ನೇ ಕೇಳುತ್ತಾರೆ.

ಹೊಸ ಲೈನ್ ಬಂದ ದಿನವೇ ಹಳೆಯದನ್ನು ನಿಲ್ಲಿಸಬೇಡಿ. ಒಂದು ತಿಂಗಳು ಎರಡೂ ಇರಲಿ, ಹೊಸದರ ಆರ್‌ಎಕ್ಸ್ ಪವರ್ ಮತ್ತು ರಾತ್ರಿಯ ವೇಗ ವಾರಕ್ಕೆರಡು ಸಲ ಬರೆದಿಡಿ. ಹಳೆಯದನ್ನು ಬಿಡುವಾಗ ಪೆಟ್ಟಿಗೆ, ಅಡಾಪ್ಟರ್, ರಿಮೋಟ್ ಮರಳಿಸಿ, ಸೀರಿಯಲ್ ನಂಬರ್ ಬರೆದ ರಸೀದಿ ಪಡೆದು ಡಿಪಾಸಿಟ್ ಬರುವ ತನಕ ಇಟ್ಟುಕೊಳ್ಳಿ. ಆದರೆ ಗೋಡೆಯ ತೂತಿನಿಂದ ಕಂಬದವರೆಗಿನ ಹಳೆಯ ವಯರನ್ನು ಕತ್ತರಿಸಲು ಬಿಡಬೇಡಿ. ಸುರುಳಿ ಸುತ್ತಿ, ತುದಿಗೆ ಮುಚ್ಚಳ ಹಾಕಿ, ಮಾಡಿನ ಅಡಿಯಲ್ಲಿ ಒಣಗಿದ ಜಾಗದಲ್ಲಿ ಕಟ್ಟಿಸಿಡಿ. ಹೊಸದು ಸರಿಬಾರದಿದ್ದರೆ ಹೊಸದಾಗಿ ವಯರ್ ಎಳೆಯದೆಯೇ ಹಳೆಯ ಸಂಪರ್ಕ ವಾಪಸು ಪಡೆಯಬಹುದು.